ಹಗ್ಗ ಹಿಡಿಯುವವಳು ಇಳಿದ ದಿನ

ನಮ್ಮ ಡೊಂಬಿವಲಿಯ ಮನೆಗೆ ಬಂದವರೆಲ್ಲ ಮೊದಲು ನೋಡುವುದು ಟಿವಿಯ ಮೇಲೆ ಗೋಡೆಯಲ್ಲಿರುವ ಆ ಫೋಟೋವನ್ನು. ಠಾಣೆಯ ತಲಾವಪಾಳಿಯ ಹತ್ತಿರದ ಐದು ಮಾಳಿಗೆ ಬಿಲ್ಡಿಂಗಿನ ಗೋಡೆಗೆ ಎರಡೂ ಕಾಲು ಒತ್ತಿಕೊಂಡು, ಹಗ್ಗದಲ್ಲಿ ಜೋತು, ಹಲ್ಲು ಕಿಸಿಯುತ್ತಿರುವ ಪ್ಯಾಂಟಿನ ಹುಡುಗಿ ನಾನೇ. ಕಿವುಡ ಮಕ್ಕಳ ಶಾಲೆಯೊಂದರ ಸಹಾಯಾರ್ಥ ನಮ್ಮ ಹೈಕಿಂಗ್ ಕ್ಲಬ್ಬಿನವರು ಮಾಡಿದ ಪ್ರದರ್ಶನ ಅದು. "ಅಬ್ಬ, ನಿಮಗೆ ಹೆದರಿಕೆ ಆಗಲಿಲ್ವಾ?" ಎಂದು ಬಂದವರು ಕೇಳುತ್ತಾರೆ. ಕೇಳಿ ಕೇಳಿ ನನಗೆ ಪಿತ್ತ ನೆತ್ತಿಗೇರಿದೆ. ಐದು ಮಾಳಿಗೆ ಇಳಿಯುವುದು ಎಂತ ದೊಡ್ಡ ಸಂಗತಿ ಮಾರಾಯ್ರೇ? ಕೆಳಗೆ ಜನ ಚಪ್ಪಾಳೆ ಹೊಡೆಯುತ್ತಾರೆ, ಮೇಲೆ ನಾಲ್ಕು ಜನ ಹಗ್ಗ ಕಾಯುತ್ತಾರೆ, ಇಳಿದ ಮೇಲೆ ಯಾರೋ ಒಬ್ಬರು ಹಾರ ಹಾಕುತ್ತಾರೆ. ಹೆದರಿಕೆ ಎಂದರೆ ಏನೆಂದು ನಾನು ಕಂಡದ್ದು ಅದಕ್ಕೆ ಮೂರು ವಾರ ಮೊದಲು, ಒಂದು ಕಲ್ಲಿನ ಖದಾನಿನಲ್ಲಿ, ಅಂದರೆ ಕಲ್ಲುಕೋರೆಯಲ್ಲಿ. ಅದರ ಫೋಟೋ ಯಾರೂ ತೆಗೆದಿಲ್ಲ.

ಎಂಬತ್ತರ ದಶಕದ ಮೊದಮೊದಲ ವರ್ಷಗಳು ಅವು. ಅಪ್ಪ ಕಲ್ಯಾಣ ಸ್ಟೇಶನ್ನಿನ ಹೊರಗೆ ನಮ್ಮ ಉಡುಪಿ ಕಡೆಯವರದೇ ಒಂದು ಹೋಟೆಲಿನಲ್ಲಿ ಮ್ಯಾನೇಜರು. ನಾನು ಠಾಣೆಯ ಆಫೀಸೊಂದರಲ್ಲಿ ಟೈಪಿಸ್ಟು. ವಾರಕ್ಕೆ ಆರು ದಿನ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಜಜ್ಜಿಸಿಕೊಂಡು ಹೋಗಿ ಬಂದು, ಏಳನೆಯ ದಿನ ಮನೆಯಲ್ಲಿ ಕೂತು ಉದ್ದು ರುಬ್ಬು ಎಂದರೆ ನನ್ನಿಂದಾಗುತ್ತಿರಲಿಲ್ಲ. ಆಫೀಸಿನ ಗೆಳತಿಯೊಬ್ಬಳ ಅಣ್ಣ ಗುಡ್ಡ ಹತ್ತುವವರ ಕ್ಲಬ್ಬಿನಲ್ಲಿದ್ದ. ಅವಳ ಜೊತೆ ಹೋದವಳು ಅಲ್ಲೇ ಅಂಟಿಕೊಂಡೆ. ಹೆಚ್ಚಿನವರು ಮರಾಠಿ ಹುಡುಗರು, ಕಾರ್ಖಾನೆ ಬ್ಯಾಂಕು ಎಂದು ದುಡಿಯುವವರು. ನಮ್ಮ ಲೀಡರು ಒಬ್ಬ ಫಿಟ್ಟರು. ಹಗ್ಗದಲ್ಲಿ ಇಳಿಯುವಾಗ ಸೊಂಟದ ಪಟ್ಟಿಗೆ ಸಿಕ್ಕಿಸಿಕೊಳ್ಳುವ, ಇಂಗ್ಲಿಷಿನ ಎಂಟರ ಅಂಕಿಯ ಹಾಗಿರುವ ಲೋಹದ ಬಳೆಯೊಂದು ಉಂಟಲ್ಲ, ಅದನ್ನು ಅವನು ಕಾರ್ಖಾನೆಯ ಊಟದ ಬಿಡುವಿನಲ್ಲಿ ತಾನೇ ಉಜ್ಜಿ ಉಜ್ಜಿ ಮಾಡಿಕೊಂಡು ಬಂದಿದ್ದ. ಹಗ್ಗ ಅದರೊಳಗೆ ಸುತ್ತಿ ಹಾದು ಹೋಗುತ್ತದೆ. ಆ ತಿಕ್ಕಾಟಕ್ಕೆ ಇಳಿಯುವ ವೇಗ ನಮ್ಮ ಕೈಯಲ್ಲಿರುತ್ತದೆ. ಇಷ್ಟು ತಿಳಿದುಕೊಂಡರೆ ಮುಂದಿನದು ಅರ್ಥವಾಗುತ್ತದೆ.

ನಾವು ಅಭ್ಯಾಸ ಮಾಡುತ್ತಿದ್ದದ್ದು ಪಾರಸಿಕ್ ಗುಡ್ಡದ ಆಚೆ ಬದಿಯ ಒಂದು ಖದಾನಿನಲ್ಲಿ. ಈಗ ಐರೋಲಿ, ರಬಾಳೆ ಎಂದರೆ ಗಾಜಿನ ಕಟ್ಟಡಗಳು ಕಣ್ಣಿಗೆ ಬರುತ್ತವೆ. ಆಗ ಠಾಣೆಯಿಂದ ಬೇಲಾಪುರ ರಸ್ತೆಯ ಬಸ್ಸು ಹಿಡಿದು ಇಳಿದರೆ ಒಂದು ಕಡೆ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ ಕೆಸರು, ಇನ್ನೊಂದು ಕಡೆ ಗುಡ್ಡ. ಆ ಗುಡ್ಡವನ್ನು ದಿನಾ ಒಡೆದು ಒಡೆದು ಲಾರಿಗೆ ತುಂಬಿ ಹೊಸ ಶಹರಕ್ಕೆ ಕಳಿಸುತ್ತಿದ್ದರು. ನವಿ ಮುಂಬೈಯ ಅಡಿಪಾಯದಲ್ಲಿ ಬಿದ್ದಿರುವ ಆ ಕಲ್ಲು ಒಡೆದವರಲ್ಲಿ ಅರ್ಧಕ್ಕರ್ಧ ಬಿಜಾಪುರ, ಗುಲ್ಬರ್ಗಾ, ರಾಯಚೂರಿನವರು. ಭಾನುವಾರ ಖದಾನು ಬಂದ್. ಠೇಕೇದಾರನ ಹತ್ತಿರ ಲೀಡರು ಕಾಡಿ ಬೇಡಿ ಒಪ್ಪಿಗೆ ತೆಗೆದುಕೊಂಡಿದ್ದ.

ಮೊದಲ ಸಲ ಆ ಅಂಚಿನಿಂದ ಹಿಂದಕ್ಕೆ ವಾಲಿದಾಗ ನನ್ನ ಬಾಯಿಂದ ಮರಾಠಿಯೂ ಬರಲಿಲ್ಲ, ಹಿಂದಿಯೂ ಬರಲಿಲ್ಲ. "ಅಯ್ಯೋ ದೇವರೇ, ಸತ್ತೆ!" ಎಂದು ಕಿರುಚಿದೆ. ಮೇಲೆ ತಗಡಿನ ಗುಡಿಸಲಿನ ಮುಂದೆ ಪಾತ್ರೆ ತಿಕ್ಕುತ್ತಿದ್ದ ಹೆಂಗಸೊಬ್ಬಳು ಎದ್ದು ಬಂದು ಅಂಚಿನಲ್ಲಿ ಬಗ್ಗಿ ನೋಡಿ, "ಏ ಯವ್ವಾ, ನೀ ನಮ್ಮ ಕಡೆದಾಕಿ ಏನ?" ಎಂದಳು. ನಾನು ಗಾಳಿಯಲ್ಲಿ ನೇತಾಡುತ್ತಲೇ, ಉಡುಪಿ ಎಂದೆ. "ಅದು ಎಲ್ಲಿ ಬರ್ತೈತೋ ಯಾರಿಗ್ಗೊತ್ತು. ಮಾತು ಒಂದ ಆಯ್ತಲ್ಲ, ಸಾಕು. ಇಳದು ಮ್ಯಾಲೆ ಬಾ, ಚಾ ಮಾಡ್ತೀನಿ." ಹೀಗೆ ನಮ್ಮ ಪರಿಚಯವಾಯಿತು. ಬಿಜಾಪುರ ಜಿಲ್ಲೆಯ ಹೆಂಗಸು, ನನಗಿಂತ ಐದಾರು ವರ್ಷ ದೊಡ್ಡವಳು ಇರಬೇಕು. ಗಂಡ ಹೆಂಡತಿ ಇಬ್ಬರೂ ಆ ಖದಾನಿನಲ್ಲೇ ಕೆಲಸ, ಭಾನುವಾರ, ಅವರ ಬಾಯಲ್ಲಿ ಐತಾರ, ಅದರ ಕಾವಲೂ ಅವರದೇ. ನಾನು ಅವಳನ್ನು ಅಕ್ಕ ಎಂದೆ, ಅವಳು ನನ್ನನ್ನು ತಂಗಿ ಎಂದಳು.

ಅವರ ಕೆಲಸ ನೋಡಬೇಕೆಂದು ಒಂದು ದಿನ ಆಫೀಸಿಗೆ ಜ್ವರ ಎಂದು ಸುಳ್ಳು ಹೇಳಿ ಹೋದೆ. ಖದಾನಿನಲ್ಲಿ ಸುರಂಗ, ಅಂದರೆ ಬಂಡೆಗೆ ತೂತು ಕೊರೆದು ತುಂಬಿದ ಮದ್ದು, ಹಾರಿಸಿದ ಮೇಲೆ ಎಲ್ಲ ಕಲ್ಲೂ ಕೆಳಗೆ ಬೀಳುವುದಿಲ್ಲ. ಕೆಲವು ಅರ್ಧ ಬಿಟ್ಟುಕೊಂಡು, ಇವತ್ತೋ ನಾಳೆಯೋ ಎಂದು ಗೋಡೆಯಲ್ಲೇ ಕೂತಿರುತ್ತವೆ. ಅವನ್ನು ಮೀಟಿ ಕೆಡವದೆ ಕೆಳಗೆ ಯಾರೂ ಕೆಲಸ ಮಾಡುವ ಹಾಗಿಲ್ಲ. ಮೀಟುವವನು ಅಕ್ಕನ ಗಂಡ. ಸೊಂಟಕ್ಕೂ ತೊಡೆಗೂ ತೋಳಿನಷ್ಟು ದಪ್ಪದ ನಾರಿನ ಹಗ್ಗ ಸುತ್ತಿ, ಕೈಯಲ್ಲಿ ಹಾರೆ ಹಿಡಿದು, ಬರಿಗಾಲಿನಲ್ಲಿ ಆರು ಮಾಳಿಗೆ ಎತ್ತರದ ಗೋಡೆಯಲ್ಲಿ ಇಳಿಯುತ್ತಿದ್ದ. ನಾವು ಭಾನುವಾರ ಬೂಟು ಹಾಕಿಕೊಂಡು, ಹೆಲ್ಮೆಟ್ಟು ಹಾಕಿಕೊಂಡು, ಒಬ್ಬರಿಗೊಬ್ಬರು ಶಾಬಾಸ್ ಹೇಳಿಕೊಂಡು ಇಳಿಯುತ್ತಿದ್ದೆವಲ್ಲ, ಅದನ್ನು ನೆನೆದು ನನಗೆ ನಾಚಿಕೆಯಾಯಿತು. ಅವನು ಹಾರೆಯಿಂದ ಕಲ್ಲಿಗೆ ಕುಟ್ಟಿ ಕಿವಿಗೊಡುತ್ತಿದ್ದ. ದನಿ ಗಟ್ಟಿಯಿದ್ದರೆ ಬಿಟ್ಟುಬಿಡುತ್ತಿದ್ದ, ಪೊಳ್ಳಾಗಿ ಕೇಳಿದರೆ ಮಗ್ಗುಲಿಗೆ ಸರಿದು ಹಾರೆ ತೂರಿಸಿ ಮೀಟುತ್ತಿದ್ದ. ಎಮ್ಮೆಯಷ್ಟು ದೊಡ್ಡ ಕಲ್ಲು ಅವನ ಮೊಣಕಾಲಿನ ಪಕ್ಕದಲ್ಲೇ ಕಳಚಿ ಹೋಗುತ್ತಿತ್ತು. ಎಂಥ ಮನುಷ್ಯ!

ಹಗ್ಗದ ಇನ್ನೊಂದು ತುದಿ ಅಕ್ಕನ ಕೈಯಲ್ಲಿ. ಅಂಚಿನಿಂದ ಹತ್ತು ಹೆಜ್ಜೆ ಹಿಂದೆ ಬಂಡೆಯೊಳಗೆ ಕಬ್ಬಿಣದ ಗೂಟ ಹುಗಿದಿದ್ದರು. ಹಗ್ಗವನ್ನು ಆ ಗೂಟಕ್ಕೆ ಒಂದು ಸುತ್ತು ಹಾಕಿ, ಕಾಲು ಚಾಚಿ ಬಂಡೆಗೆ ಒದ್ದುಕೊಂಡು ಅವಳು ಕೂರುತ್ತಿದ್ದಳು. ಅವಳು ಕೂತ ಜಾಗದಿಂದ ಅವನು ಕಾಣುವುದಿಲ್ಲ. ಕೆಳಗಿನಿಂದ ಅವನು "ಸಡ್ಲ" ಎಂದರೆ ಬಿಡುವುದು, "ಬಿಗಿ" ಎಂದರೆ ತಡೆಯುವುದು. ಪಾದ ನೆಲಕ್ಕೆ ತಾಗಿದ ಮೇಲೆ "ಮುಟ್ಟೀನಿ" ಎಂದು ಅವನು ಕೂಗಬೇಕು. ಮೂರೇ ಮಾತು.

"ನೀವೇ ಯಾಕೆ ಹಿಡಿಯುವುದು? ಗಂಡಸರು ಇಲ್ವಾ?" ಎಂದು ಕೇಳಿದೆ.

"ಇಳಿಯಾಂವನ ಹಗ್ಗ ಹೇಣ್ತಿನ ಹಿಡೀಬೇಕು. ನಮ್ಮ ಗ್ಯಾಂಗಿನಾಗ ಮೊದಲಿಂದ ಹಂಗ. ಲಗ್ನ ಆಗದಾವ್ರನ್ನ ನಾವು ಇಳಸೂದ ಇಲ್ಲ," ಎಂದಳು. "ಬ್ಯಾರೆಯವ್ರು ಮೂಗಿನ ಮ್ಯಾಲೆ ನೊಣ ಕುಂತ್ರ ಕೈ ಬಿಡ್ತಾರ. ನನಗ ಚೇಳು ಕಡದ್ರೂ ಬಿಡಾಕ ಆಗೂದಿಲ್ಲ."

ಆಮೇಲೆ ನನ್ನನ್ನು ಕೇಳಿದಳು: "ನಿನ್ನ ಹಗ್ಗ ಹಿಡಿತಾನಲ್ಲ ಆ ಫಿಟ್ಟರ, ಅವ್ಗ ನೀ ಏನಾಗಬೇಕು?" ಏನೂ ಆಗಬೇಕಾಗಿಲ್ಲ ಎಂದೆ. ಅವಳು, "ಹಂಗಾದ್ರ ಭಾಳ ಚಲೋ ಮನಿಶ್ಯಾ ಇರಬೇಕು," ಎಂದಳು.

ಊಟಕ್ಕೆ ಮೇಲೆ ಬಂದ ಗಂಡ ರೊಟ್ಟಿ ಮುರಿಯುತ್ತಾ ನನಗೆ ಹೇಳಿದ: "ಇಕೀದೇನೈತ್ರಿ ಕೆಲಸ? ಕುಂತಲ್ಲೆ ಕುಂತು ಎಲಿ ಅಡಿಕಿ ಜಗಿಯೂದು, ಹಗ್ಗ ಬಿಡೂದು. ರಾಣಿ ಇದ್ದಂಗ ಅದಾಳ." ಅವಳು ಇನ್ನೊಂದು ರೊಟ್ಟಿ ಅವನ ತಟ್ಟೆಗೆ ಎಸೆದಳು. ನನಗೆ ರೇಗಿತು. ಆದರೆ ನಾನು ಅವರ ಮನೆಯ ಅನ್ನ ಉಣ್ಣುತ್ತಿದ್ದೆ, ಬಾಯಿ ಮುಚ್ಚಿಕೊಂಡೆ. ಅಷ್ಟಕ್ಕೂ ಅವನು ಕೆಟ್ಟವನಲ್ಲ. ತಾನು ಮಾಡುವ ಕೆಲಸ ಕಾಣುತ್ತದೆ, ಅವಳದು ಕಾಣುವುದಿಲ್ಲ. ಎಲ್ಲ ಮನೆಯ ಕಥೆಯೂ ಅದೇ ಅಲ್ವಾ?

ಇನ್ನು ನನ್ನ ಮೂರ್ಖತನಕ್ಕೆ ಬರುತ್ತೇನೆ.

ಪ್ರದರ್ಶನಕ್ಕೆ ಮೂರು ವಾರ ಮೊದಲಿನ ಆ ಭಾನುವಾರ ಸಾಯಂಕಾಲ ಐದಕ್ಕೆ ನನ್ನನ್ನು ನೋಡಲು ಒಂದು ಗಂಡಿನ ಕಡೆಯವರು ಬರುವವರಿದ್ದರು. ಹುಡುಗ ಬ್ಯಾಂಕಿನವನು, ಕುಂದಾಪುರ ಕಡೆಯ ಮನೆತನ. ಅಮ್ಮ ಬೆಳಿಗ್ಗೆಯೇ ನನ್ನ ತಲೆಗೆ ಅಂಗೈ ತುಂಬ ತೆಂಗಿನೆಣ್ಣೆ ಹಾಕಿ ತಿಕ್ಕಿ, ಸೊಂಟದ ಕೆಳಗಿನ ತನಕ ಬಿಗಿಯಾಗಿ ಜಡೆ ಹೆಣೆದಳು. ನಮ್ಮಲ್ಲಿ ಆಗ ಹುಡುಗಿಯ ಬಣ್ಣ, ಹಾಡು, ಅಡುಗೆ ಎಲ್ಲ ಆಮೇಲೆ, ಮೊದಲು ಜಡೆ. ಕಳಿಸಿದ ಫೋಟೋದಲ್ಲಿಯೂ ಜಡೆಯನ್ನು ಮುಂದಕ್ಕೆ ಹಾಕಿಸಿ ಕೂರಿಸಿದ್ದರು. "ಹೋಗುವುದಾದರೆ ಹೋಗಿ ಸಾಯಿ, ನಾಲ್ಕರೊಳಗೆ ಮನೆಯಲ್ಲಿರು. ಜಡೆಯನ್ನು ಮಾತ್ರ ಸುತ್ತಿ ತುರುಬು ಕಟ್ಟಬೇಡ, ಮಡಿಕೆ ಬಿದ್ದು ಸೊಟ್ಟಗಾಗ್ತದೆ," ಎಂದಳು. ಅವರು ಬಂದರು, ಶಿರಾ ತಿಂದರು, ಹೋದರು. ನಾನು ಅವರ ಮುಖವನ್ನೂ ನೋಡಲಿಲ್ಲ. ಆ ವಿಷಯ ಇಲ್ಲಿಗೇ ಮುಗಿಸುತ್ತೇನೆ.

ಕ್ಲಬ್ಬಿನ ಮೊದಲ ನಿಯಮ, ಉದ್ದ ಕೂದಲಿನವರು ತುರುಬು ಕಟ್ಟಿ ಮೇಲೆ ಬಟ್ಟೆ ಸುತ್ತಬೇಕು. ಎರಡನೆಯದು, ಇಳಿಯುವ ಹಗ್ಗದ ಜೊತೆ ಸೊಂಟಕ್ಕೆ ಇನ್ನೊಂದು ಕಾಯುವ ಹಗ್ಗ ಇರಬೇಕು, ಅದನ್ನು ಮೇಲಿನವರು ಹಿಡಿದಿರಬೇಕು. ಅವತ್ತು ಆ ಎರಡನೆಯ ಹಗ್ಗ ಠಾಣೆಗೆ ಹೋಗಿತ್ತು, ಪ್ರದರ್ಶನದ ಬಿಲ್ಡಿಂಗಿನ ಎತ್ತರ ಅಳೆಯಲಿಕ್ಕೆ. ಬರುತ್ತದೆ, ತಡಿ, ಎಂದು ಲೀಡರು ಹೇಳಿದ. ಮಧ್ಯಾಹ್ನ ಎರಡು ಗಂಟೆಯಾಯಿತು, ಹಗ್ಗ ಬರಲಿಲ್ಲ. ನನಗೆ ಮನೆಗೆ ಹೋಗುವ ಅವಸರ, ಮೇಲಾಗಿ ಮೊಂಡು. "ಇಪ್ಪತ್ತು ಸಲ ಇಳಿದಿದ್ದೇನೆ, ನನಗೆ ಯಾವ ಕಾಯುವ ಹಗ್ಗವೂ ಬೇಡ," ಎಂದು ಅವನ ಮೇಲೆ ಹರಿಹಾಯ್ದೆ. ಜಡೆಯನ್ನು ಶರ್ಟಿನ ಕಾಲರಿನೊಳಗೆ ತುರುಕಿಕೊಂಡು, ಅದು ಅವನಿಗೆ ಕಾಣದ ಹಾಗೆ ಮೇಲೆ ಬಟ್ಟೆ ಸುತ್ತಿ, ಅಂಚಿನಿಂದ ಹಿಂದಕ್ಕೆ ವಾಲಿದೆ. ಮಾಡಿದ್ದುಣ್ಣೋ ಮಹರಾಯ ಎಂದು ಸುಮ್ಮನೆ ಹೇಳಿದ್ದಾರಾ?

ಎರಡು ಮಾಳಿಗೆಯಷ್ಟು ಇಳಿದಿರಬೇಕು. ಅಲ್ಲಿ ಗೋಡೆ ಒಳಕ್ಕೆ ಸರಿದಿತ್ತು, ಕಾಲಿಗೆ ಆಧಾರವಿಲ್ಲದೆ ಗಾಳಿಯಲ್ಲಿ ಇಳಿಯುವ ಜಾಗ. ಕೆಳಗೆ ನೋಡಲು ಬಗ್ಗಿದೆ. ಜಡೆ ಕಾಲರಿನಿಂದ ಜಾರಿ ಮುಂದೆ ಬಿತ್ತು. ಬಿದ್ದದ್ದು ಸೀದಾ ಆ ಲೋಹದ ಬಳೆಯ ಮೇಲೆ. ಹಗ್ಗ ಓಡುತ್ತಿತ್ತಲ್ಲ, ಜಡೆಯನ್ನೂ ತನ್ನ ಜೊತೆ ಒಳಗೆಳೆದುಕೊಂಡಿತು. ನಾನು ಹಗ್ಗ ಬಿಗಿ ಹಿಡಿದು ನಿಲ್ಲಿಸುವಷ್ಟರಲ್ಲಿ ಒಂದು ಗೇಣು ಜಡೆ ಬಳೆಗೂ ಹಗ್ಗಕ್ಕೂ ನಡುವೆ ಸಿಕ್ಕಿ ಕಲ್ಲಿನಂತಾಗಿತ್ತು. ನನ್ನ ಗದ್ದ ಎದೆಗೆ ಒತ್ತಿಕೊಂಡಿತ್ತು, ತಲೆ ಎತ್ತಲಾಗುತ್ತಿರಲಿಲ್ಲ. ಕಾಣುತ್ತಿದ್ದದ್ದು ನನ್ನ ಕ್ಯಾನ್ವಾಸ್ ಬೂಟುಗಳು ಮತ್ತು ಬಹಳ ಕೆಳಗೆ ಖದಾನಿನ ನೆಲ, ಅದರ ಒಂದು ಮೂಲೆಯಲ್ಲಿ ನಿಂತ ಹಸಿರು ನೀರು. ಮೈಯ ಭಾರವೆಲ್ಲ ಆ ಬಳೆಯ ಮೇಲೆ. ಭಾರ ಇರುವ ತನಕ ಅದು ಜಡೆ ಬಿಡುವುದಿಲ್ಲ.

ಕಿರುಚಿದೆ. ಮೇಲಿನವರು ಎಳೆಯತೊಡಗಿದರು. ಒಂದೊಂದು ಎಳೆತಕ್ಕೂ ನೆತ್ತಿಯ ಚರ್ಮ ಕಿತ್ತು ಬಂದ ಹಾಗಾಗುತ್ತಿತ್ತು. ಅಷ್ಟರಲ್ಲಿ ಅಕ್ಕನ ಗಂಡ ಬೊಬ್ಬೆ ಹೊಡೆದದ್ದು ಕೇಳಿತು: "ಎಳೀಬ್ಯಾಡ್ರೋ! ಅಂಚು ಹಗ್ಗ ತಿಂತೈತಿ!"

ಅಂಚಿಗೆ ಹಗ್ಗ ಉಜ್ಜದಿರಲಿ ಎಂದು ನಾವು ಗೋಣಿಚೀಲ ಹಾಸುತ್ತಿದ್ದೆವು. ನಾನು ಒದ್ದಾಡಿದ್ದಕ್ಕೆ ಹಗ್ಗ ಗೋಣಿಯಿಂದ ಪಕ್ಕಕ್ಕೆ ಜಾರಿತ್ತು. ಸುರಂಗ ಹಾರಿಸಿ ಹೊಸದಾಗಿ ಒಡೆದ ಕಲ್ಲಿನ ಅಂಚು ಕತ್ತಿಯ ಹಾಗೆಯೇ ಇರುತ್ತದೆ. ನಾನು ತೂಗಾಡಿದಷ್ಟೂ ನೈಲಾನ್ ಹಗ್ಗ ಅದರ ಮೇಲೆ ಗರಗರ ಉಜ್ಜುತ್ತಿತ್ತು. ಮೇಲಿನವರಿಗೆ ಅದರ ಎಳೆಗಳು ಒಂದೊಂದಾಗಿ ಎದ್ದು ನಿಲ್ಲುವುದು ಕಾಣುತ್ತಿತ್ತಂತೆ. "ಅಲುಗಾಡಬೇಡ, ಸ್ವಲ್ಪವೂ ಅಲುಗಾಡಬೇಡ," ಎಂದು ಲೀಡರು ಮರಾಠಿಯಲ್ಲಿ ಕೂಗುತ್ತಿದ್ದ. ನಾನು ಅಳುವುದನ್ನೂ ನಿಲ್ಲಿಸಿದೆ. ಅತ್ತರೆ ಮೈ ಅಲುಗುತ್ತದೆ.

ಮೇಲೆ ನಡೆದದ್ದನ್ನು ನನಗೆ ಆಮೇಲೆ ಅಲ್ಲೇ ನಿಂತಿದ್ದ ಆಫೀಸಿನ ಗೆಳತಿ ಹೇಳಿದಳು. ನಮ್ಮ ಹಗ್ಗ ಒಂದೇ, ಅದರ ತುದಿಯಲ್ಲಿ ನಾನು. ಉಳಿದದ್ದು ಖದಾನಿನ ನಾರಿನ ಹಗ್ಗ. ಲೀಡರು ಚಾಕು ಹಲ್ಲಿನಲ್ಲಿ ಕಚ್ಚಿಕೊಂಡು ಅದರಲ್ಲಿ ಇಳಿಯಲು ಹೊರಟ, ಜಡೆ ಕತ್ತರಿಸುತ್ತೇನೆಂದು. ಅಕ್ಕನ ಗಂಡ ಅವನ ರಟ್ಟೆ ಹಿಡಿದು ನಿಲ್ಲಿಸಿದ. ಜಗ್ಗಿ ನಿಂತ ಹಗ್ಗಕ್ಕೆ ಚಾಕುವಿನ ಮೊನೆ ತಾಗಿದರೂ ಮುಗಿಯಿತು, ಜಡೆ ಮತ್ತು ಹಗ್ಗ ಒಂದರೊಳಗೊಂದು ಸಿಕ್ಕಿರುವಾಗ ಯಾವುದು ಯಾವುದೆಂದು ನೋಡಿ ಕೊಯ್ಯುತ್ತೀಯಾ ಎಂದು ಕೇಳಿದ. ತಾನೇ ಹಗ್ಗ ಸುತ್ತಿಕೊಳ್ಳತೊಡಗಿದ. ಆಗ ಅಕ್ಕ ಅವನ ಕೈಯಿಂದ ಹಗ್ಗ ಕಿತ್ತುಕೊಂಡಳು.

"ನಿನಗ ಹೆರಳು ಬಿಚ್ಚಾಕ ಬರ್ತೈತೇನು? ಗಂಟು ಬಿದ್ರ ಹರಿಯಾಂವ ನೀ. ಲಗ್ನ ಆಗದ ಹುಡುಗಿ ತಲಿಗೆ ನೀ ಕೈ ಹಾಕಬ್ಯಾಡ. ನಾ ಇಳೀತೀನಿ. ಹಗ್ಗ ನೀ ಹಿಡಿ."

ಅವಳು ಅದುವರೆಗೆ ಒಂದು ದಿನವೂ ಆ ಗೋಡೆಯಲ್ಲಿ ಇಳಿದವಳಲ್ಲ. ಅವನು ಒಂದು ದಿನವೂ ಆ ಗೂಟದ ಹಿಂದೆ ಕೂತವನಲ್ಲ. ಕ್ಲಬ್ಬಿನ ನಾಲ್ಕು ಹುಡುಗರು ನಾವು ಹಿಡಿಯುತ್ತೇವೆ, ನಮಗೆ ಅಭ್ಯಾಸವಿದೆ ಎಂದರು. ಅಕ್ಕ ಅವರ ಕಡೆ ನೋಡಲೂ ಇಲ್ಲ. ಸೀರೆಯನ್ನು ಕಚ್ಚೆ ಕಟ್ಟಿ ಹಗ್ಗ ಬಿಗಿದುಕೊಂಡು, ಗಂಡನನ್ನು ತಾನು ದಿನಾ ಕೂರುವ ಜಾಗದಲ್ಲಿ ಕೂರಿಸಿ, ಅವನ ಕಾಲನ್ನು ಬಂಡೆಗೆ ಒದ್ದುಕೊಳ್ಳುವ ಹಾಗೆ ಇಡಿಸಿ, "ಕಣ್ಣು ಹಗ್ಗದ ಮ್ಯಾಲಿರಲಿ. ನನ್ನ ಹುಡುಕಬ್ಯಾಡ," ಎಂದು ಹೇಳಿ ಇಳಿದಳು.

ನನಗೆ ಮೊದಲು ಕಂಡದ್ದು ಅವಳ ಪಾದ. ಬೆಳ್ಳಿಯ ಕಾಲುಂಗುರ, ಒಡೆದ ಹಿಮ್ಮಡಿ. ಆಮೇಲೆ ಹಸಿರು ಸೀರೆ. "ಅಂಜಬ್ಯಾಡ ತಂಗಿ, ಬಂದೀನಿ," ಎನ್ನುತ್ತಾ ನನ್ನ ಮಟ್ಟಕ್ಕೆ ಬಂದು "ಬಿಗಿ!" ಎಂದು ಕೂಗಿದಳು. ಒಳಕ್ಕೆ ಸರಿದ ಗೋಡೆಯಲ್ಲಿ, ಕಾಲು ಪೂರಾ ಚಾಚಿದರೆ ಎಟಕುವಷ್ಟು ದೂರದಲ್ಲಿ, ಸುರಂಗಕ್ಕೆಂದು ಕೊರೆದ ತೂತಿನ ಅರ್ಧ ಉಳಿದಿತ್ತು. ಅದರಲ್ಲಿ ಒಂದು ಕಾಲಿನ ಬೆರಳು ಊರಿ, ಇನ್ನೊಂದು ಕಾಲನ್ನು ಮಡಿಸಿ ನನ್ನ ಕೆಳಗೆ ತಂದಳು. "ನನ್ನ ತೊಡಿ ಮ್ಯಾಲೆ ಕುಂದ್ರು. ಪೂರಾ ಕುಂದ್ರು, ಸಂಕೋಚ ಮಾಡಬ್ಯಾಡ." ಕೂತೆ. ನನ್ನ ಭಾರ ನನ್ನ ಹಗ್ಗದಿಂದ ಅವಳ ಮೇಲೆ ಹೋಯಿತು. ಅಂದರೆ ಮೇಲೆ ಅವಳ ಗಂಡನ ಕೈಗೆ ಹೋಯಿತು.

ಅವನಿಗೆ ನಾವು ಕಾಣುವುದಿಲ್ಲ. ಅವನಿಗೆ ಗೊತ್ತಾದದ್ದು ಇಷ್ಟೇ: ಹಗ್ಗ ಒಮ್ಮೆಲೇ ದುಪ್ಪಟ್ಟು ಭಾರವಾಗಿ ಜಗ್ಗಿತು. ಏನೋ ಆಯಿತು ಎಂದುಕೊಂಡ. "ಏ! ಏನಾತು? ಏ!" ಎಂದು ಕೂಗಿದ. ಅಕ್ಕನಿಂದ ಉತ್ತರ ಕೊಡಲಾಗುತ್ತಿರಲಿಲ್ಲ. ಜಡೆಯ ತುದಿಯ ರಿಬ್ಬನ್ನು ಬಿಚ್ಚಿ, ಎಳೆಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಒಂದು ಕೈ ನನ್ನ ಸೊಂಟದ ಸುತ್ತ, ಇನ್ನೊಂದು ಕೈಯ ಬೆರಳುಗಳು ಜಡೆಯನ್ನು ಕೆಳಗಿನಿಂದ ಮೇಲಕ್ಕೆ ಬಿಚ್ಚುತ್ತಿದ್ದವು. ಅಮ್ಮ ಹೆಣೆದದ್ದನ್ನೆಲ್ಲ ತಿರುಗಾಮುರುಗಾ ಮಾಡುತ್ತಾ ಬಳೆಯ ಹತ್ತಿರ ಬಂದಳು. ಮೇಲಿನಿಂದ ಅವನು ಮತ್ತೆ ಕೂಗಿದ. ಮತ್ತೆ ಕೂಗಿದ. ಆಮೇಲೆ ಅವಳ ಹೆಸರು ಹಿಡಿದು ಕೂಗಿದ.

ಅವರಲ್ಲಿ ಗಂಡ ಹೆಂಡತಿಯ ಹೆಸರು ಹಿಡಿಯುವುದಿಲ್ಲ, ಹೆಂಡತಿ ಗಂಡನದನ್ನು ಹಿಡಿಯುವುದಂತೂ ಇಲ್ಲವೇ ಇಲ್ಲ. ಇಷ್ಟು ತಿಂಗಳಲ್ಲಿ ಅವನ ಬಾಯಿಂದ "ಇಕಿ", "ಏ" ಬಿಟ್ಟು ಬೇರೆ ಕೇಳಿದವಳಲ್ಲ ನಾನು. ಆ ಹೆಸರು ಖದಾನಿನ ಮೂರು ಗೋಡೆಗಳಿಗೂ ಬಡಿದು ತಿರುಗಿ ಬಂತು. ಅಕ್ಕನ ಬೆರಳು ಒಂದು ಕ್ಷಣ ನಿಂತವು. ನನ್ನ ಕಿವಿಯ ಹತ್ತಿರವೇ ಇದ್ದ ಅವಳ ಉಸಿರು ಬದಲಾದದ್ದು ನನಗೆ ತಿಳಿಯಿತು. ಮತ್ತೆ ಬೆರಳು ನಡೆದವು.

ಭಾರ ಇಳಿದ ಬಳೆ ಒಂದಿಷ್ಟು ಸಡಿಲವಾಗಿತ್ತು. ಬಿಚ್ಚಿದ ಕೂದಲನ್ನು ಅವಳು ನಾಲ್ಕು ನಾಲ್ಕು ಎಳೆಯಾಗಿ ಜಾರಿಸಿ ತೆಗೆದಳು. ಎಳೆ ಜಾರಿ ಬಂದಾಗ ಕಚ್ಚಿದ ಹಲ್ಲಿನ ನಡುವಿನಿಂದಲೇ, "ಎಣ್ಣಿ ಹಚ್ಚ್ಯಾಳ ನಿಮ್ಮವ್ವ, ಪುಣ್ಯಾತ್ಗಿತ್ತಿ," ಎಂದಳು. ನಾನು ಅಂಥಾ ಹೊತ್ತಿನಲ್ಲಿ ನಕ್ಕೆ, ನಿಜವಾಗಿಯೂ ನಕ್ಕೆ. ಒಂದು ಮುಷ್ಟಿ ಕೂದಲು ಹರಿದು ಅಲ್ಲೇ ಉಳಿಯಿತು. ಮಿಕ್ಕದ್ದು ಬಂತು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಅವಳು ನನ್ನ ಕೂದಲನ್ನೆಲ್ಲ ಒಟ್ಟುಮಾಡಿ ಗಂಟು ಹಾಕಿ, ತನ್ನ ಸೆರಗಿನ ಅಂಚನ್ನು ಹಲ್ಲಿನಿಂದ ಹರಿದು ಅದರ ಮೇಲೆ ಬಿಗಿದಳು. "ಈಗ ಇಳಿ. ಮೆಲ್ಲಕ ಇಳಿ, ಜೀಕಬ್ಯಾಡ. ನಾ ಮಗ್ಗಲಾಗ ಇರ್ತೀನಿ. ಸಡ್ಲ!" ಎಂದು ಮೇಲಕ್ಕೆ ಕೂಗಿದಳು.

ಹಗ್ಗದಲ್ಲಿ ಇಳಿಯುವುದನ್ನು ಕಲಿಸುವ ಎಷ್ಟೋ ಜನರನ್ನು ನಾನು ಆಮೇಲೆ ನೋಡಿದ್ದೇನೆ, ಸರ್ಟಿಫಿಕೇಟು ಇದ್ದವರನ್ನು, ಹಿಮಾಲಯಕ್ಕೆ ಹೋಗಿ ಬಂದವರನ್ನು. ಮೊದಲ ಸಲ ಗೋಡೆಗೆ ಇಳಿದು, ಇನ್ನೊಬ್ಬಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಡೆ ಬಿಚ್ಚಿದವಳು ಅವರಲ್ಲಿ ಯಾರೂ ಇಲ್ಲ. ಅವಳಿಗೆ ಅದು ದೊಡ್ಡದೆಂದು ಅನಿಸಿರಲೂ ಇಲ್ಲ. ಇಳಿಯುವ ಉದ್ದಕ್ಕೂ ನನಗೆ ಬೈಯುತ್ತಿದ್ದಳು. "ಹೊಟ್ಟಿಗೆ ಹಿಟ್ಟಿಲ್ಲಂದ್ರೂ ಜುಟ್ಟಿಗೆ ಮಲ್ಲಿಗಿ ಅಂತಾರಲ್ಲ, ಹಂಗಾತು ನಿಂದು. ಖದಾನಕ್ಕ ಬರಾಕಿ ಜಡಿ ಬಿಟ್ಕೊಂಡು ಬರ್ತಾರೇನ ಹುಚ್ಚಿ?"

ಪಾದ ನೆಲಕ್ಕೆ ತಾಗಿತು. ಧೂಳಿನಲ್ಲಿ ಕುಸಿದು ಕೂತೆ. ಅವಳೂ ನನ್ನ ಪಕ್ಕ ಕೂತಳು. ನಾನು ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತೆ. ಅವಳೂ ಅತ್ತಳು, ಆಮೇಲೆ ನಕ್ಕಳು, ನನ್ನ ಬೆನ್ನಿಗೆ ಎರಡು ಗುದ್ದಿದಳು. ಹಗ್ಗ ಬಿಚ್ಚಿ ಬಿಸಾಕಿ, ಲಾರಿ ಹೋಗುವ ದಾರಿಯಲ್ಲಿ ಸುತ್ತುಹಾಕಿ ಇಬ್ಬರೂ ಮೇಲಕ್ಕೆ ನಡೆದೆವು. ಅರ್ಧ ದಾರಿಯಲ್ಲಿ ಅವಳು ತಟ್ಟನೆ ನಿಂತಳು. "ಒದರಲಿಲ್ಲ ನಾ," ಎಂದಳು. ಮುಟ್ಟೀನಿ ಎಂದು ಕೂಗುವುದನ್ನು ಮರೆತಿದ್ದಳು. ಸೆರಗು ಸಾವರಿಸಿಕೊಂಡು ಓಡತೊಡಗಿದಳು. ನಾನು ಹಿಂದೆ ಓಡಿದೆ.

ಹಗ್ಗ ಸಡಿಲಾಯಿತು ಎಂದರೆ ಹಿಡಿದವರಿಗೆ ಎರಡೇ ಅರ್ಥ. ಇಳಿದವರು ನೆಲ ಮುಟ್ಟಿದ್ದಾರೆ, ಇಲ್ಲವಾದರೆ ಹಗ್ಗದ ತುದಿಯಲ್ಲಿ ಯಾರೂ ಇಲ್ಲ. ಕೂಗು ಕೇಳಿದರೆ ಮಾತ್ರ ಯಾವುದೆಂದು ಗೊತ್ತಾಗುತ್ತದೆ.

ನಾವು ಮೇಲೆ ಬಂದಾಗ ಅವನು ಗೂಟದ ಹಿಂದೆ ಅವಳ ಜಾಗದಲ್ಲೇ ಇದ್ದ. ಸುತ್ತ ಕ್ಲಬ್ಬಿನವರೆಲ್ಲ ನಿಂತು, ಇಳಿದರು, ಇಬ್ಬರೂ ಆರಾಮಾಗಿದ್ದಾರೆ ಎಂದು ಹಿಂದಿಯಲ್ಲಿ ಮರಾಠಿಯಲ್ಲಿ ಹೇಳುತ್ತಿದ್ದರು. ಅವನಿಗೆ ಯಾವುದೂ ಕೇಳುತ್ತಿರಲಿಲ್ಲ. ಅಂಚಿಗೆ ಹೋಗಿ ಬಗ್ಗಿ ನೋಡು ಎಂದು ಲೀಡರು ಕೈ ಹಿಡಿದು ಎಳೆದನಂತೆ, ಹೋಗಲಿಲ್ಲ. ದಿನಾ ಆ ಅಂಚಿನಿಂದ ನಗುತ್ತಾ ಇಳಿಯುವವನಿಗೆ ಅಲ್ಲಿಂದ ಬಗ್ಗಿ ನೋಡುವ ಧೈರ್ಯ ಬರಲಿಲ್ಲ. ಸಡಿಲಾದ ಹಗ್ಗವನ್ನು ಎರಡೂ ಕೈಯಲ್ಲಿ ಜಗ್ಗಿ ಹಿಡಿದು, ಕಾಲು ಬಂಡೆಗೆ ಒದ್ದುಕೊಂಡು, ಹಗ್ಗದ ಮೇಲೆ ಕಣ್ಣಿಟ್ಟು ಕೂತಿದ್ದ. ಮೈಯೆಲ್ಲ ಬೆವರು, ತುಟಿ ಬೂದಿ ಬಣ್ಣವಾಗಿತ್ತು.

ಅಕ್ಕ ಹೋಗಿ ಅವನೆದುರು ಕೂತಳು. ಒಂದೊಂದೇ ಬೆರಳು ಬಿಡಿಸಿ ಹಗ್ಗವನ್ನು ಅವನ ಕೈಯಿಂದ ತೆಗೆದಳು. ಅಂಗೈಯ ಚರ್ಮ ಸುಲಿದು ಹಗ್ಗಕ್ಕೆ ಅಂಟಿತ್ತು. ಅವಳು ಸೆರಗಿನಿಂದ ಅದನ್ನು ಒತ್ತಿದಳು. ಆಗ ಅವನು ಅವಳ ಮುಖ ನೋಡಿದ. ಬಹಳ ಹೊತ್ತು ನೋಡಿದ. ನಾವೆಲ್ಲ ಅಲ್ಲಿರುವುದನ್ನು ಮರೆತಿದ್ದ.

"ದಿನಾ ಹಿಂಗ ಆಗ್ತಿತ್ತೇನ ನಿನಗ?" ಎಂದು ಕೇಳಿದ.

ಅಕ್ಕ ಅವನ ಅಂಗೈಯಿಂದ ತಲೆ ಎತ್ತಲಿಲ್ಲ.

"ಐತಾರ ಬಿಟ್ಟು," ಎಂದಳು.